ಶಾಲೆಯ ಹೊಸಿಲಿನಿಂದ ಕಾಲೇಜಿನ ಬಾಗಿಲಿಗೆ: ಗಡಿನಾಡಿನ ವಿದ್ಯಾರ್ಥಿಗಳಿಗೆ ಕೆಲವು ಪಾಠಗಳು

ನಮ್ಮ ಜೂಜುವಾಡಿಯ ಕನ್ನಡ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವುದು ಗಡಿನಾಡಿನ ಕನ್ನಡಿಗರೆಲ್ಲರಿಗೂ ಹರ್ಷದ ಸಂಗತಿ. ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ನೆನಪುಗಳನ್ನು ಸೊಗಸಾಗಿ ಬರೆಯಬಲ್ಲವರು ಅನೇಕರಿದ್ದಾರೆ, ಇಲ್ಲಿಂದ ಮುಂದಕ್ಕೆ ಓದಲು ಹೊರಡುವ ಮಕ್ಕಳಿಗೆ ನೆರವಾಗುವ ಪಾಠವೊಂದನ್ನು ಬರೆಯುವುದೇ ನನ್ನಂಥವನ ಕೆಲಸವೆಂದು ಭಾವಿಸಿದೆನು.

ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ವಿದ್ಯಾರ್ಥಿಯಾಗಿ ಕಾಲೇಜಿನ ಮೆಟ್ಟಿಲು ಹತ್ತುವ ಯೋಗ ನನಗೆ ಒದಗಲಿಲ್ಲ. ಆದರೆ ಹತ್ತಿದ ನೂರಾರು ಮಕ್ಕಳನ್ನೂ, ಹತ್ತಿ ಮೊದಲ ವರ್ಷದಲ್ಲಿಯೇ ಇಳಿದುಬಂದ ಹಲವರನ್ನೂ ಹತ್ತಿರದಿಂದ ಕಂಡಿದ್ದೇನೆ. ಇಳಿದುಬಂದವರಲ್ಲಿ ಬುದ್ಧಿಯ ಕೊರತೆಯಿದ್ದವರು ತೀರ ಅಪರೂಪ. ಅವರಿಗೆ ಕೊರತೆಯಾದದ್ದು ಎರಡು ಸಂಗತಿಗಳು. ಒಂದು, ಯಾವ ಬಾಗಿಲನ್ನು ಯಾವಾಗ ತಟ್ಟಬೇಕೆಂಬ ತಿಳಿವಳಿಕೆ. ಇನ್ನೊಂದು, ಕನ್ನಡದಲ್ಲಿ ಕಲಿತದ್ದನ್ನು ಇಂಗ್ಲಿಷಿಗೆ ದಾಟಿಸುವ ಅಭ್ಯಾಸ. ಇವೆರಡನ್ನೂ ಶಾಲೆಯಲ್ಲಿರುವಾಗಲೇ ಕಲಿಸಲು ಸಾಧ್ಯ, ಕಲಿಯಲು ಸಾಧ್ಯ ಎಂಬುದೇ ಈ ಲೇಖನದ ಸಾರ.

1. ದಾರಿ ಹೊಸದಲ್ಲ

ಪ್ರವೇಶ ಪರೀಕ್ಷೆ ಎಂಬುದು ಈಚಿನ ಪಿಡುಗೆಂದು ಅನೇಕ ಪೋಷಕರು ತಿಳಿದಿದ್ದಾರೆ. ಅದು ಹಾಗಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮೆಟ್ರಿಕ್ಯುಲೇಷನ್ ಪರೀಕ್ಷೆಯು ಮೂಲತಃ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯೇ. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ, ಅದರ ಅಧೀನದ ಕಾಲೇಜುಗಳಲ್ಲಿ ಓದಬಯಸುವವರು ಮೊದಲು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ಹೊಸೂರಿನ ಶಾಲೆಯಲ್ಲಿ ಓದಿ, ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1894ರಲ್ಲಿ ಪದವೀಧರರಾದರು. ಅನಂತರ ಮದರಾಸಿಗೆ ಹೋಗಿ ಕಾನೂನು ಓದಿದರು. ಅವರಿಗಿಂತ ಮೊದಲು 1881ರಲ್ಲಿ ಅದೇ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ತಮ್ಮ ಓದಿನ ಖರ್ಚನ್ನು ತಾವೇ ನಿಭಾಯಿಸಿದವರು. ಹಳ್ಳಿಯಿಂದ ಹೊಸೂರಿಗೆ, ಹೊಸೂರಿನಿಂದ ಬೆಂಗಳೂರಿಗೋ ಮದರಾಸಿಗೋ ಹೋಗಿ ಓದುವ ದಾರಿ ನೂರಮೂವತ್ತು ವರ್ಷಕ್ಕೂ ಹಳೆಯದು.

ಆ ದಾರಿಯ ನಡುವೆ ರಾಜ್ಯದ ಗಡಿ ಬಂದದ್ದು ಆಮೇಲೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೀಮೆ ಮದರಾಸು ರಾಜ್ಯದಲ್ಲಿ ಉಳಿಯಿತು. ಸೇಲಂ ಜಿಲ್ಲೆಯಲ್ಲಿದ್ದ ನಾವು 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿದೆವು. ಜೂಜುವಾಡಿಯಿಂದ ಕೂಗಳತೆಯ ದೂರದಲ್ಲಿರುವ ಅತ್ತಿಬೆಲೆಗೆ ನಡೆದು ಹೋಗಬಹುದು. ಆದರೆ ಕಾಲೇಜಿನ ಅರ್ಜಿಯಲ್ಲಿ ಆ ದೂರ ಒಂದು ರಾಜ್ಯದಷ್ಟು. ನಮ್ಮ ಮಕ್ಕಳು ಮೊದಲು ಅರಿಯಬೇಕಾದುದು ಇದನ್ನೇ.

2. ಬಾಗಿಲುಗಳು ಯಾವುವು?

ತಮಿಳುನಾಡಿನ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳ ಬಿ.ಎ., ಬಿ.ಎಸ್ಸಿ., ಬಿ.ಕಾಂ. ತರಗತಿಗಳಿಗೆ ಪ್ರವೇಶ ಪರೀಕ್ಷೆಯಿಲ್ಲ. ಪ್ಲಸ್ ಟೂ ಅಂಕಗಳೇ ಆಧಾರ. ಇಂಜಿನಿಯರಿಂಗಿಗೂ 2007ರಿಂದ ಈ ರಾಜ್ಯದಲ್ಲಿ ಪ್ರವೇಶ ಪರೀಕ್ಷೆಯನ್ನು ತೆಗೆದುಹಾಕಲಾಯಿತು. ಗಣಿತದ ಅಂಕವನ್ನು 100ಕ್ಕೂ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಅಂಕವನ್ನು ತಲಾ 50ಕ್ಕೂ ಇಳಿಸಿ ಒಟ್ಟು 200ಕ್ಕೆ ಕಟ್-ಆಫ್ ಲೆಕ್ಕ ಹಾಕುತ್ತಾರೆ. ಇದರಿಂದ ಗಣಿತದ ಒಂದು ಅಂಕವು ಭೌತಶಾಸ್ತ್ರದ ಎರಡು ಅಂಕಕ್ಕೆ ಸಮವೆಂದು ವಿದ್ಯಾರ್ಥಿಯು ತಿಳಿಯಬೇಕು.

ವೈದ್ಯಕೀಯಕ್ಕೆ ನೀಟ್ ಪರೀಕ್ಷೆಯೊಂದೇ ದಾರಿ. 2025ರ ನೀಟ್ ಪರೀಕ್ಷೆಯಲ್ಲಿ 180 ನಿಮಿಷಗಳಿಗೆ 180 ಪ್ರಶ್ನೆಗಳಿದ್ದವು: ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90, ಒಟ್ಟು ಅಂಕ 720. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಿಗೆ 2022ರಲ್ಲಿ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆ ಆರಂಭವಾಯಿತು. ಇವೆರಡನ್ನೂ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸಿದ್ದಾರೆ. ಸಿಯುಇಟಿಯಲ್ಲಿ ಕನ್ನಡವನ್ನು ಒಂದು ಭಾಷಾ ವಿಷಯವಾಗಿಯೂ ಆರಿಸಿಕೊಳ್ಳಬಹುದು. ತಿರುವಾರೂರಿನ ತಮಿಳುನಾಡು ಕೇಂದ್ರೀಯ ವಿಶ್ವವಿದ್ಯಾನಿಲಯ, ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯ, ಇವೆರಡೂ 2009ರಲ್ಲಿ ಸ್ಥಾಪನೆಯಾದವು. ಇಂಥ ವಿಶ್ವವಿದ್ಯಾನಿಲಯಗಳಿಗೆ ಗಡಿಯ ಎರಡೂ ಕಡೆಯ ಮಕ್ಕಳು ಒಂದೇ ಪರೀಕ್ಷೆ ಬರೆಯುತ್ತಾರೆ. ನಮ್ಮ ಭಾಗದಲ್ಲಿ ಈ ಬಾಗಿಲನ್ನು ತಟ್ಟುವವರು ಅತಿ ಕಡಿಮೆ.

ಕರ್ನಾಟಕದ ಇಂಜಿನಿಯರಿಂಗ್, ಕೃಷಿ, ಔಷಧಶಾಸ್ತ್ರ ಮೊದಲಾದ ತರಗತಿಗಳಿಗೆ ಅಲ್ಲಿನ ಪರೀಕ್ಷಾ ಪ್ರಾಧಿಕಾರವು ಸಿಇಟಿ ನಡೆಸುತ್ತದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

3. ಗಡಿ ದಾಟುವ ಮುನ್ನ ನಿಯಮ ಓದಿರಿ

ಹತ್ತನೆಯ ತರಗತಿ ಮುಗಿದೊಡನೆ ಮಗನನ್ನು ಅತ್ತಿಬೆಲೆಯಲ್ಲೋ ಆನೇಕಲ್ಲಿನಲ್ಲೋ ಪಿ.ಯು.ಸಿ.ಗೆ ಸೇರಿಸಿದರೆ ಕರ್ನಾಟಕದ ಸೀಟು ತಾನಾಗಿ ಸಿಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಕರ್ನಾಟಕ ಸಿಇಟಿಯ ಮುಖ್ಯ ಅರ್ಹತಾ ನಿಯಮವು ಅಭ್ಯರ್ಥಿಯು ಆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂದು ಕೇಳುತ್ತದೆ. ಗಡಿನಾಡು ಕನ್ನಡಿಗರಿಗಾಗಿ ಇರುವ ಉಪನಿಯಮದಲ್ಲಿ ಹೆಸರಿಸಿ ಬಂದಿರುವ ತಾಲ್ಲೂಕುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳು. ಹೊಸೂರಿನ ಹೆಸರು ಆ ಪಟ್ಟಿಯಲ್ಲಿ ಬಂದಿಲ್ಲ. ಹೊರನಾಡು ಕನ್ನಡಿಗರ ಉಪನಿಯಮದ ಷರತ್ತುಗಳು ಬೇರೆ. ಅದರಡಿ ಅರ್ಜಿ ಹಾಕುವವರು ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ತಂದೆತಾಯಿಯರು ಕರ್ನಾಟಕದಲ್ಲಿ ಓದಿದವರಾಗಿದ್ದರೆ ಅನ್ವಯವಾಗುವ ಉಪನಿಯಮಗಳೂ ಉಂಟು. ಆದುದರಿಂದ ಹತ್ತನೆಯ ತರಗತಿಯಲ್ಲಿರುವಾಗಲೇ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ತಂದು, ತಂದೆ, ಮಗ, ಮೇಷ್ಟ್ರು ಮೂವರೂ ಕುಳಿತು ಓದತಕ್ಕದ್ದು.

ಗಡಿ ದಾಟುವುದರಿಂದ ಕಳೆದುಕೊಳ್ಳುವುದೂ ಇದೆ. ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯವರೆಗೆ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ 7.5 ಶೇಕಡಾ ಮೀಸಲಾತಿಯನ್ನು 2020ರ ಕಾಯಿದೆಯೂ, ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಮುಂತಾದ ತರಗತಿಗಳಲ್ಲಿ ಅಷ್ಟೇ ಮೀಸಲಾತಿಯನ್ನು 2021ರ ಕಾಯಿದೆಯೂ ಒದಗಿಸಿದವು. ಇಲ್ಲಿ ಲೆಕ್ಕಕ್ಕೆ ಬರುವುದು ಸರ್ಕಾರಿ ಶಾಲೆ ಎಂಬುದು, ಮಾಧ್ಯಮ ಯಾವುದೆಂಬುದಲ್ಲ. ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದ ಮಗುವಿಗೂ ಈ ಹಕ್ಕು ಉಂಟು. ಏಳನೆಯ ತರಗತಿಗೆ ಖಾಸಗಿ ಶಾಲೆಗೆ ಹೋದವನೂ, ಹನ್ನೊಂದಕ್ಕೆ ಗಡಿಯಾಚೆ ಹೋದವನೂ ಅದನ್ನು ಕಳೆದುಕೊಳ್ಳುತ್ತಾರೆ. ಹೋಗಬಾರದೆಂದು ನಾನು ಹೇಳುತ್ತಿಲ್ಲ. ಏನನ್ನು ಬಿಟ್ಟು ಏನನ್ನು ಪಡೆಯುತ್ತಿದ್ದೇವೆಂಬ ಲೆಕ್ಕ ಕೈಯಲ್ಲಿರಲಿ ಎನ್ನುತ್ತೇನೆ.

ನೀಟ್ ಪರೀಕ್ಷೆಯಲ್ಲಿ ನಮ್ಮ ಮಕ್ಕಳನ್ನು ಕಾಡುವ ಇನ್ನೊಂದು ನಿಯಮವಿದೆ. ಕನ್ನಡ ಪ್ರಶ್ನೆಪತ್ರಿಕೆಯು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ ಸಿಗುವಂತೆ ಏರ್ಪಾಡು ಮಾಡಿದ್ದಾರೆ. ಕನ್ನಡದಲ್ಲಿ ಬರೆಯಬಯಸುವ ಹೊಸೂರಿನ ವಿದ್ಯಾರ್ಥಿಯು ಕೃಷ್ಣಗಿರಿಯನ್ನೋ ಸೇಲಂ ಅನ್ನೋ ಆರಿಸದೆ ಬೆಂಗಳೂರಿನ ಕಡೆಯ ಕೇಂದ್ರವನ್ನೇ ಆರಿಸಬೇಕು. ನನಗೆ ಪರಿಚಿತಳಾದ ಒಬ್ಬ ಹುಡುಗಿ ಎರಡು ವರ್ಷ ಕನ್ನಡದಲ್ಲಿಯೇ ಅಭ್ಯಾಸ ಮಾಡಿ, ಅರ್ಜಿ ತುಂಬುವ ಸಂಜೆ ಈ ವಿಷಯ ತಿಳಿದು ಕಂಗೆಟ್ಟಳು. ಅವಳಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದುದರಿಂದ ಅಲ್ಲಿನ ಕೇಂದ್ರವನ್ನು ಆರಿಸಿ, ಹಿಂದಿನ ರಾತ್ರಿಯೇ ಹೋಗಿ ತಂಗಿ ಪರೀಕ್ಷೆ ಬರೆದಳು. ಎಲ್ಲರಿಗೂ ಅಂಥ ಅಣ್ಣನಿರುವುದಿಲ್ಲ. ಮೊದಲೇ ತಿಳಿದಿದ್ದರೆ ಅಣ್ಣನಿಲ್ಲದವರೂ ಏರ್ಪಾಡು ಮಾಡಿಕೊಳ್ಳಬಹುದು.

ಪ್ರಮಾಣಪತ್ರಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಜಾತಿ ಪ್ರಮಾಣಪತ್ರ, ವಾಸಸ್ಥಳ ಪ್ರಮಾಣಪತ್ರ, ವರಮಾನ ಪ್ರಮಾಣಪತ್ರಗಳನ್ನು ಇ-ಸೇವೈ ಕೇಂದ್ರದ ಮೂಲಕ ರಜೆಯ ದಿನಗಳಲ್ಲಿಯೇ ಪಡೆದಿಡಿರಿ. ರಾಜ್ಯದ ಹಿಂದುಳಿದ ವರ್ಗದ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ; ಕೇಂದ್ರೀಯ ಪರೀಕ್ಷೆಗೆ ಕೇಂದ್ರದ ನಮೂನೆಯ ಪತ್ರವೇ ಬೇಕು. ಮನೆಯಲ್ಲಿ ಹಿಂದೆ ಯಾರೂ ಪದವಿ ಪಡೆದಿರದಿದ್ದರೆ 'ಮುದಲ್ ಪಟ್ಟದಾರಿ' ಪ್ರಮಾಣಪತ್ರವನ್ನು ಪಡೆಯಿರಿ; ವೃತ್ತಿಶಿಕ್ಷಣದ ಬೋಧನಾ ಶುಲ್ಕದಲ್ಲಿ ರಿಯಾಯಿತಿ ಕೊಡುವ ಈ ಯೋಜನೆ 2010ರಲ್ಲಿ ಆರಂಭವಾಯಿತು. ಎಲ್ಲ ಪತ್ರಗಳಲ್ಲಿಯೂ ಹೆಸರು ಮತ್ತು ಇನಿಷಿಯಲ್ ಒಂದೇ ರೀತಿ ಇರಲಿ. ಕನ್ನಡದ ಹೆಸರನ್ನು ತಮಿಳಿನಲ್ಲಿ ಬರೆದು, ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಗ, ಕ ಎರಡೂ ಒಂದಾಗಿ ಹೆಸರೇ ಬದಲಾಗುವುದನ್ನು ನಮ್ಮೂರಿನಲ್ಲಿ ನೋಡದವರು ಯಾರು?

4. ಮೂರು ಸಾಲುಗಳ ಪುಸ್ತಕ

ಈಗ ಮುಖ್ಯ ಪಾಠಕ್ಕೆ ಬರೋಣ. ಕನ್ನಡದಲ್ಲಿ ಓದಿದ್ದರಿಂದ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ವಿಷಯವು ತಾಯ್ನುಡಿಯಲ್ಲಿ ಮನದಟ್ಟಾಗಿದ್ದರೆ ಇಂಗ್ಲಿಷಿನಲ್ಲಿ ಕಲಿಯಬೇಕಾದುದು ಹೆಸರನ್ನು ಮಾತ್ರ. ವಿಷಯವೇ ಅರ್ಥವಾಗದೆ ಹೆಸರನ್ನು ಬಾಯಿಪಾಠ ಮಾಡಿದವನಿಗೆ ಎರಡೂ ಇಲ್ಲ. ಆದರೆ ಹೆಸರನ್ನು ಕಲಿಯುವ ಕೆಲಸ ಕಾಲೇಜಿಗೆ ಹೋದ ಮೇಲೆ ಆಗುವಂಥದಲ್ಲ. 'ಯುದ್ಧಕಾಲೇ ಶಸ್ತ್ರಾಭ್ಯಾಸ' ಆಗದಂತೆ ಒಂಬತ್ತನೆಯ ತರಗತಿಯಿಂದಲೇ ಅದನ್ನು ಆರಂಭಿಸಬೇಕು.

ನನ್ನ ವಿದ್ಯಾರ್ಥಿಗಳಿಂದ ನಾನು ಮಾಡಿಸುತ್ತಿದ್ದ ವಿಧಾನ ಸರಳವಾದದ್ದು. ಒಂದು ಉದ್ದನೆಯ ನೋಟ್ ಪುಸ್ತಕದಲ್ಲಿ ಮೂರು ಕಂಬಸಾಲು ಎಳೆಯಿರಿ. ಮೊದಲನೆಯದರಲ್ಲಿ ಕನ್ನಡ ಪದ, ಎರಡನೆಯದರಲ್ಲಿ ಇಂಗ್ಲಿಷ್ ಪದ, ಮೂರನೆಯದರಲ್ಲಿ ತಮಿಳು ಪದ. ಪ್ರತಿ ಪದದ ಕೆಳಗೆ ನಿಮ್ಮದೇ ಮಾತಿನಲ್ಲಿ ಒಂದು ವಾಕ್ಯದ ಅರ್ಥ. ದಿನಕ್ಕೆ ಐದು ಪದಗಳಾದರೆ ಸಾಕು. ವರ್ಷಕ್ಕೆ ಇನ್ನೂರು ಶಾಲಾದಿನಗಳೆಂದರೂ ಸಾವಿರ ಪದಗಳಾಗುತ್ತವೆ. ಹತ್ತನೆಯ ತರಗತಿಯ ವಿಜ್ಞಾನ, ಗಣಿತಗಳ ಪರಿಭಾಷೆ ಅಷ್ಟರಲ್ಲಿ ಬಹುಪಾಲು ಅಡಗುತ್ತದೆ.

ತಮಿಳು ಸಾಲು ಏಕೆಂದು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದ ವಿಜ್ಞಾನ ಪುಸ್ತಕದಲ್ಲಿ 'ಸ್ಪೀಡ್' ಎಂಬುದಕ್ಕೆ ಜವ ಎಂದೂ, 'ವೆಲಾಸಿಟಿ' ಎಂಬುದಕ್ಕೆ ವೇಗ ಎಂದೂ ಇದೆ. ತಮಿಳು ಪುಸ್ತಕದಲ್ಲಿ 'ಸ್ಪೀಡ್' ಎಂಬುದೇ ವೇಗಂ, 'ವೆಲಾಸಿಟಿ' ತಿಸೈವೇಗಂ. ಅಂದರೆ ದಿಕ್ಕುಳ್ಳ ವೇಗ. ನಮ್ಮ ಹುಡುಗನು ತಮಿಳು ಮಾತನಾಡುವ ಅಧ್ಯಾಪಕರ ಮುಂದೆ ಕುಳಿತು 'ವೇಗ' ಎಂದು ಕೇಳಿದಾಗ ತಾನು ಕಲಿತ ವೇಗವೆಂದೇ ತಿಳಿಯುತ್ತಾನೆ. ದಿಕ್ಕಿರುವ ರಾಶಿ, ದಿಕ್ಕಿಲ್ಲದ ರಾಶಿ ಎರಡೂ ಅವನ ತಲೆಯಲ್ಲಿ ಕಲಸಿಹೋಗುತ್ತವೆ. ಹಾಗೆಯೇ ವೇಗೋತ್ಕರ್ಷವು ಇಂಗ್ಲಿಷಿನಲ್ಲಿ ಆಕ್ಸಿಲರೇಷನ್, ತಮಿಳಿನಲ್ಲಿ ಮುಡುಕ್ಕಂ. ಮೂರನ್ನೂ ಪಕ್ಕಪಕ್ಕದಲ್ಲಿ ಒಮ್ಮೆ ಬರೆದವನು ಮುಂದೆ ಎಡವುವುದಿಲ್ಲ. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು ಆಡುವ ಹೊಸೂರು ಸೀಮೆಯ ಮಗುವಿಗೆ ಇದು ಭಾರವಲ್ಲ, ಬಲ.

ಮತ್ತೊಂದು ಉಪಾಯವುಂಟು. ಕರ್ನಾಟಕ ಪಠ್ಯಪುಸ್ತಕ ಸಂಘದ ಒಂಬತ್ತು ಮತ್ತು ಹತ್ತನೆಯ ತರಗತಿಗಳ ಗಣಿತ, ವಿಜ್ಞಾನ ಪುಸ್ತಕಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ದೊರೆಯುತ್ತವೆ. ಎರಡನ್ನೂ ತೆರೆದಿಟ್ಟುಕೊಂಡು ಒಂದು ಪಾಠವನ್ನು ಮೊದಲು ಕನ್ನಡದಲ್ಲಿ ಓದಿ ಅರ್ಥಮಾಡಿಕೊಳ್ಳಿ. ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ. ಅರ್ಥ ಮೊದಲೇ ತಿಳಿದಿರುವುದರಿಂದ ಇಂಗ್ಲಿಷ್ ವಾಕ್ಯವು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

5. ಪರೀಕ್ಷೆಯ ಲೆಕ್ಕಾಚಾರ

ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ತಪ್ಪಾದೀತೆಂದು ಹೆದರಿ ನಮ್ಮ ಮಕ್ಕಳು ಬಹಳ ಪ್ರಶ್ನೆಗಳನ್ನು ಬಿಟ್ಟುಬಿಡುತ್ತಾರೆ. ಈ ಹೆದರಿಕೆಯನ್ನು ಗಣಿತದಿಂದಲೇ ಓಡಿಸೋಣ. ನಾಲ್ಕು ಆಯ್ಕೆಗಳಿರುವ 12 ಪ್ರಶ್ನೆಗಳು ನಿಮಗೆ ಸಂಪೂರ್ಣ ತಿಳಿಯವೆಂದು ಇಟ್ಟುಕೊಳ್ಳಿ. ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು: ಗಳಿಕೆ 12, ಕಡಿತ 9, ಉಳಿದದ್ದು 3. ಇದು ಜೂಜು, ಮಾಡಬೇಕಾದ ಕೆಲಸವಲ್ಲ. ಆದರೆ ಪ್ರತಿ ಪ್ರಶ್ನೆಯಲ್ಲಿಯೂ ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದು ಅದನ್ನು ಹೊಡೆದುಹಾಕಿದರೆ ಸರಾಸರಿ 4 ಸರಿ, 8 ತಪ್ಪು: ಉಳಿದದ್ದು 8. ಎರಡು ಆಯ್ಕೆಗಳನ್ನು ಹೊಡೆದುಹಾಕಬಲ್ಲವನಿಗೆ 6 ಸರಿ, 6 ತಪ್ಪು: ಉಳಿದದ್ದು 18. ಆದುದರಿಂದ ನಿಯಮ ಇಷ್ಟೇ: ಏನೂ ತಿಳಿಯದಿದ್ದರೆ ಬಿಡಿ, ಎರಡನ್ನು ತಳ್ಳಿಹಾಕಬಲ್ಲಿರಾದರೆ ಧೈರ್ಯವಾಗಿ ಗುರುತು ಹಾಕಿ. ಕಡಿತವಿಲ್ಲದ ಕರ್ನಾಟಕ ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಕೂಡದು.

ಸಮಯದ ವಿಷಯದಲ್ಲಿ, 180 ನಿಮಿಷಕ್ಕೆ 180 ಪ್ರಶ್ನೆ ಎಂದರೆ ಪ್ರಶ್ನೆಗೆ ಒಂದೇ ನಿಮಿಷ. ಜೀವಶಾಸ್ತ್ರದ 90 ಪ್ರಶ್ನೆಗಳನ್ನು 50 ನಿಮಿಷದಲ್ಲಿ ಮುಗಿಸಿದವನಿಗೆ ಉಳಿದ 90ಕ್ಕೆ 130 ನಿಮಿಷ ದೊರೆಯುತ್ತದೆ. ಕನ್ನಡದ ಪುಸ್ತಿಕೆಯಲ್ಲಿ ಪ್ರಶ್ನೆಗಳು ಎರಡು ಭಾಷೆಗಳಲ್ಲಿ ಇರುತ್ತವೆ. ಎರಡನ್ನೂ ಓದುತ್ತ ಹೋದರೆ ಸಮಯ ಸಾಲದು. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮವೆಂದು ನಿಯಮವಿರುವುದರಿಂದ, ಯಾವ ಭಾಷೆಯಲ್ಲಿ ಓದಿದರೂ ಮುಖ್ಯ ಪದವನ್ನು ಇನ್ನೊಂದರಲ್ಲಿ ಒಮ್ಮೆ ಕಣ್ಣಾಡಿಸಿ ಖಚಿತಪಡಿಸಿಕೊಳ್ಳುವುದು ಕ್ಷೇಮ. ಮೂರು ಸಾಲುಗಳ ಪುಸ್ತಕ ಇಲ್ಲಿ ಫಲ ಕೊಡುತ್ತದೆ. 'ಸರಿಯಲ್ಲದ್ದು ಯಾವುದು', 'ಹೊರತುಪಡಿಸಿ' ಎಂಬ ಪದಗಳಿಗೆ ಕಂಡ ಕೂಡಲೇ ಅಡಿಗೆರೆ ಎಳೆಯುವ ಅಭ್ಯಾಸವಿರಲಿ.

ಓದಿನ ಕ್ರಮಕ್ಕೆ ದೊಡ್ಡ ಕೋಚಿಂಗ್ ಕೇಂದ್ರವೇ ಬೇಕೆಂದಿಲ್ಲ. ಬೆಳಗಿನ ಜಾವ ಎರಡು ಗಂಟೆ ಹೊಸ ಪಾಠ. ಸಂಜೆ ಒಂದೂವರೆ ಗಂಟೆ ಲೆಕ್ಕ ಮಾಡುವುದು. ಮಲಗುವ ಮುನ್ನ ಅರ್ಧ ಗಂಟೆ ಅಂದಿನದನ್ನು ಪುಸ್ತಕ ಮುಚ್ಚಿ ಬರೆಯುವುದು. ವಾರಕ್ಕೊಮ್ಮೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಟ್ಟುಕೊಂಡು ಬಿಡಿಸಬೇಕು. ತಪ್ಪಾದ ಪ್ರಶ್ನೆಗಳನ್ನು ಬೇರೊಂದು ಪುಸ್ತಕದಲ್ಲಿ ಬರೆದು, ಏಕೆ ತಪ್ಪಾಯಿತು ಎಂಬುದನ್ನು ಪಕ್ಕದಲ್ಲಿ ಗುರುತಿಸಬೇಕು: ವಿಷಯ ತಿಳಿಯಲಿಲ್ಲವೇ, ಪದ ತಿಳಿಯಲಿಲ್ಲವೇ, ಅವಸರವಾಯಿತೇ? ಎರಡು ತಿಂಗಳ ನಂತರ ಆ ಪುಸ್ತಕವೇ ನಿಮಗೆ ಗುರುವಾಗುತ್ತದೆ.

6. ಕಾಲೇಜಿನ ಮೊದಲ ಆರು ತಿಂಗಳು

ಪ್ರವೇಶ ದೊರೆತಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿಯಿತು. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಮೊದಲ ಸೆಮಿಸ್ಟರಿನಲ್ಲಿ. ಇಂಜಿನಿಯರಿಂಗ್ ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ತಿಂಗಳಿಗೆ ಊರಿಗೆ ಬಂದು, "ಸಾರ್, ಪಾಠವೆಲ್ಲ ತಲೆಯ ಮೇಲೆ ಹೋಗುತ್ತಿದೆ, ಸಿಪ್ಕಾಟಿನಲ್ಲಿ ಕೆಲಸಕ್ಕೆ ಸೇರಿಬಿಡುತ್ತೇನೆ" ಎಂದನು. ಅವನ ನೋಟ್ ಪುಸ್ತಕ ತರಿಸಿ ನೋಡಿದೆನು. ಅಧ್ಯಾಪಕರು ಹೇಳಿದ ಇಂಗ್ಲಿಷನ್ನು ಅಕ್ಷರಕ್ಷರ ಬರೆದುಕೊಳ್ಳುವ ಭರದಲ್ಲಿ ಅರ್ಧರ್ಧ ವಾಕ್ಯಗಳು. ಅರ್ಥವಾದದ್ದು ಒಂದೂ ಇಲ್ಲ. ತರಗತಿಯಲ್ಲಿ ಕನ್ನಡದಲ್ಲಿಯೇ ಬರೆದುಕೋ, ಸೂತ್ರ ಮತ್ತು ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆ, ರಾತ್ರಿ ಅದನ್ನು ಇಂಗ್ಲಿಷ್ ವಾಕ್ಯಗಳಾಗಿ ತಿದ್ದಿ ಬರೆ ಎಂದು ಹೇಳಿ ಕಳುಹಿಸಿದೆನು. ಆ ಸೆಮಿಸ್ಟರಿನಲ್ಲಿ ಅವನಿಗೆ ಎರಡು ವಿಷಯಗಳು ಅರಿಯರ್ ಆದವು. ಮರುವರ್ಷದೊಳಗೆ ಎರಡನ್ನೂ ತೀರಿಸಿ, ನಾಲ್ಕು ವರ್ಷದಲ್ಲಿಯೇ ಪದವಿ ಮುಗಿಸಿದನು. ಅರಿಯರ್ ಬಂದರೆ ಜೀವನ ಮುಗಿಯುವುದಿಲ್ಲ. ಅದನ್ನು ಮೂರನೆಯ ವರ್ಷದವರೆಗೆ ಹೊತ್ತುಕೊಂಡು ಹೋಗುವುದರಿಂದ ಮಾತ್ರ ಬೆನ್ನು ಮುರಿಯುತ್ತದೆ.

ಮೊದಲ ಬೆಂಚಿನಲ್ಲಿ ಕುಳಿತುಕೊಳ್ಳಿ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ನಾಚಿಕೆಯಾದರೆ ತರಗತಿ ಮುಗಿದ ಮೇಲೆ ಅಧ್ಯಾಪಕರ ಕೊಠಡಿಗೆ ಹೋಗಿ ತಮಿಳಿನಲ್ಲಿಯೇ ಕೇಳಿ. ಹಾಜರಾತಿ 75 ಶೇಕಡಾಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರಿಸದ ಕಾಲೇಜುಗಳೇ ಹೆಚ್ಚು. ತಿಂಗಳಿಗೊಮ್ಮೆ ನಿಮ್ಮ ಲೆಕ್ಕ ನೀವೇ ಇಡಿ. ಆಂತರಿಕ ಪರೀಕ್ಷೆಗಳನ್ನು ಹಗುರವಾಗಿ ಕಾಣಬೇಡಿ. ಆ ಅಂಕಗಳು ಅಂತಿಮ ಫಲಿತಾಂಶಕ್ಕೆ ಸೇರುತ್ತವೆ. ತಮಿಳುನಾಡಿನ ಕಲಾ ಕಾಲೇಜಿಗೆ ಸೇರುವವರು ಭಾಷಾ ವಿಷಯವಾಗಿ ಕನ್ನಡ ದೊರೆಯುವುದೇ, ಇಲ್ಲವಾದರೆ ಬೇರೆ ಯಾವ ಭಾಷೆ ಇದೆ ಎಂಬುದನ್ನು ಸೇರುವ ಮುನ್ನವೇ ಕೇಳಿ ತಿಳಿಯಬೇಕು.

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ., ಕೃಷ್ಣಗಿರಿಗೆ ಸುಮಾರು 50 ಕಿ.ಮೀ. ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಮೂರು ನಾಲ್ಕು ಗಂಟೆ ದಾರಿಯಲ್ಲಿ ಕಳೆಯುತ್ತದೆ. ಆ ವೇಳೆಯಲ್ಲಿ ಮೊಬೈಲ್ ನೋಡುವವನಿಗೂ ಪದಗಳ ಪುಸ್ತಕ ಓದುವವನಿಗೂ ವರ್ಷಾಂತ್ಯದಲ್ಲಿ ಕಾಣುವ ವ್ಯತ್ಯಾಸ ಅಪಾರ.

7. ಹಣ, ವಸತಿ, ಮನಸ್ಸು

ಹಾಸ್ಟೆಲಿನಲ್ಲಿರುವವರು ತಿಂಗಳ ಮೊದಲ ದಿನವೇ ಊಟ, ಬಸ್ಸು, ಪುಸ್ತಕಗಳ ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಸರ್ಕಾರಿ ಶಾಲೆಯಲ್ಲಿ ಓದಿ ಉನ್ನತ ಶಿಕ್ಷಣಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ನೀಡುವ 'ಪುದುಮೈ ಪೆಣ್' ಯೋಜನೆಯನ್ನು ತಮಿಳುನಾಡು ಸರ್ಕಾರ 2022ರಲ್ಲಿ ಆರಂಭಿಸಿತು. ಇಂಥ ಯೋಜನೆಗಳ ವಿವರವನ್ನು ಸೇರಿದ ವಾರದಲ್ಲಿಯೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಬೇಕು. ಹಣ ಚಿಕ್ಕದೆನಿಸಬಹುದು; ಮದುವೆಯ ಮಾತು ಎದ್ದಾಗ "ಅವಳು ಓದಲಿ" ಎನ್ನಲು ತಾಯಿಗೆ ಅಷ್ಟೇ ಆಸರೆಯಾದ ಮನೆಗಳನ್ನು ನಾನು ಕಂಡಿದ್ದೇನೆ.

ಹಿರಿಯ ವಿದ್ಯಾರ್ಥಿಗಳ ಕಿರುಕುಳವನ್ನು ಸಹಿಸಿಕೊಳ್ಳುವುದು ಸದ್ಗುಣವಲ್ಲ. ತಮಿಳುನಾಡಿನಲ್ಲಿ 1997ರಿಂದ ರ‍್ಯಾಗಿಂಗ್ ನಿಷೇಧ ಕಾಯಿದೆಯಿದೆ. 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಗಳೂ ಬಂದವು. ಉಚಿತ ದೂರವಾಣಿ 1800-180-5522ಕ್ಕೆ ದೂರು ಕೊಡಬಹುದು. ಮನಸ್ಸು ತೀರ ಕುಗ್ಗಿ, ಯಾರಲ್ಲಿಯೂ ಹೇಳಿಕೊಳ್ಳಲಾಗದೆಂದು ಅನಿಸಿದಾಗ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಕರೆಮಾಡಬಹುದು. ಕೇಂದ್ರ ಸರ್ಕಾರ ಇದನ್ನು 2022ರಲ್ಲಿ ಆರಂಭಿಸಿತು. ಪರೀಕ್ಷೆಯೊಂದರಲ್ಲಿ ಸೋತದ್ದಕ್ಕೆ ಜೀವವನ್ನೇ ಕಳೆದುಕೊಳ್ಳುವ ಸುದ್ದಿಗಳನ್ನು ಓದಿದಾಗ ಈ ಮುದಿ ಮೇಷ್ಟ್ರಿಗೆ ಕರುಳು ಹಿಂಡಿದಂತಾಗುತ್ತದೆ. ಮಕ್ಕಳೇ, ಮುಂದಿನ ವರ್ಷವೂ ಪರೀಕ್ಷೆ ನಡೆಯುತ್ತದೆ. ನಿಮ್ಮ ಮನೆಗೆ ನೀವು ಒಬ್ಬರೇ.

8. ಪದವಿಯ ನಂತರ

ಪದವಿಯ ಕೊನೆಯ ವರ್ಷದಲ್ಲಿರುವವರೂ ಇದೇ ವಿಧಾನವನ್ನು ಮುಂದುವರಿಸಬಹುದು. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಎಂ.ಎ., ಎಂ.ಎಸ್ಸಿ. ತರಗತಿಗಳಿಗೆ ಸಿಯುಇಟಿಯ ಸ್ನಾತಕೋತ್ತರ ಪರೀಕ್ಷೆ, ತಮಿಳುನಾಡಿನ ಎಂ.ಬಿ.ಎ., ಎಂ.ಸಿ.ಎ.ಗೆ ಅಣ್ಣಾ ವಿಶ್ವವಿದ್ಯಾನಿಲಯ ನಡೆಸುವ ಟ್ಯಾನ್ಸೆಟ್, ಎಂ.ಟೆಕ್.ಗೆ ಗೇಟ್ ಪರೀಕ್ಷೆ ಇವೆ. ಕನ್ನಡವನ್ನೇ ಓದಬಯಸುವವರಿಗೆ ಮದರಾಸು ವಿಶ್ವವಿದ್ಯಾನಿಲಯದಲ್ಲಿಯೇ ಕನ್ನಡ ವಿಭಾಗವಿದೆ. ಮುಂದೆ ಅಧ್ಯಾಪಕರಾಗಲು ಬರೆಯುವ ಯುಜಿಸಿ-ನೆಟ್ ಪರೀಕ್ಷೆಯಲ್ಲಿ ಕನ್ನಡ ವಿಷಯವೂ ಇದೆ. ಗಡಿನಾಡಿನ ಕನ್ನಡ ಶಾಲೆಗಳಿಗೆ ನಾಳೆ ಶಿಕ್ಷಕರು ಬರಬೇಕಾದರೆ ಇಂದು ನಮ್ಮ ಮಕ್ಕಳಲ್ಲಿ ಕೆಲವರಾದರೂ ಆ ದಾರಿ ಹಿಡಿಯಬೇಕು.

9. ಪೋಷಕರಲ್ಲಿ ಒಂದು ವಿನಂತಿ

1970ರ ದಶಕದಲ್ಲಿ ಸಿಪ್ಕಾಟ್ ಬಂದ ಮೇಲೆ ನಮ್ಮ ರಾಗಿ ಹೊಲಗಳ ಮಗ್ಗುಲಲ್ಲಿ ಕಾರ್ಖಾನೆಗಳು ಎದ್ದವು. ಅವು ಅನ್ನ ಕೊಟ್ಟಿವೆ. ಅದಕ್ಕೆ ನಾವು ಋಣಿಗಳು. ಆದರೆ ಹದಿನೆಂಟು ತುಂಬಿದ ಮಗನು ಗುತ್ತಿಗೆ ಕೆಲಸಕ್ಕೆ ಸೇರಿ ಮೊದಲ ಸಂಬಳ ತಂದಾಗ, ಮೂರು ವರ್ಷ ತಾಳಿದ್ದರೆ ಅದೇ ಗೇಟಿನೊಳಗೆ ಬೇರೊಂದು ಕುರ್ಚಿಯಲ್ಲಿ ಕೂರಬಹುದಿತ್ತೆಂಬುದನ್ನು ಮನೆಯವರು ಮರೆಯುತ್ತಾರೆ.

ಕನ್ನಡ ಶಾಲೆಗೆ ಕಳುಹಿಸಿದರೆ ಕಾಲೇಜಿನ ಬಾಗಿಲು ಮುಚ್ಚುತ್ತದೆಂಬ ಭಯದಿಂದಲೇ ಅನೇಕರು ಮಕ್ಕಳನ್ನು ಬೇರೆಡೆಗೆ ಸೇರಿಸುತ್ತಿದ್ದಾರೆ. ಮಕ್ಕಳಿಲ್ಲದೆ ಶಾಲೆ ನಿಲ್ಲದು, ಭಾಷಣದಿಂದಲೂ ನಿಲ್ಲದು. ಇಲ್ಲಿ ಓದಿದ ಮಗು ಕಾಲೇಜಿನಲ್ಲಿ ತಲೆಯೆತ್ತಿ ನಿಂತದ್ದನ್ನು ಊರವರು ಕಣ್ಣಾರೆ ಕಂಡಾಗ ಮಾತ್ರ ನಿಲ್ಲುತ್ತದೆ. ಆದುದರಿಂದ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು: ಪ್ರತಿ ವರ್ಷ ಅರ್ಜಿಗಳ ಕಾಲದಲ್ಲಿ ನಿಮ್ಮಲ್ಲಿ ನಾಲ್ವರು ಎರಡು ಭಾನುವಾರ ಶಾಲೆಗೆ ಬನ್ನಿರಿ. ಆ ವರ್ಷದ ಮಾಹಿತಿ ಪುಸ್ತಿಕೆಗಳನ್ನು ಮಕ್ಕಳೊಂದಿಗೆ ಓದಿ, ಅರ್ಜಿ ತುಂಬಲು ಜೊತೆಗೆ ಕುಳಿತುಕೊಳ್ಳಿರಿ. ಇದಕ್ಕೆ ಕಟ್ಟಡ ಬೇಡ, ದೇಣಿಗೆ ಬೇಡ. ಒಂದು ಬೆಂಚು, ಒಂದು ಮೇಜು ಸಾಕು. ಒಂಬತ್ತನೆಯ ತರಗತಿಯ ಪ್ರತಿ ಮಗುವಿನ ಕೈಯಲ್ಲಿಯೂ ಒಂದು ಮೂರು ಸಾಲುಗಳ ಪುಸ್ತಕವಿರಲಿ. ಸುವರ್ಣ ಮಹೋತ್ಸವದ ಕಾಣಿಕೆಯಾಗಿ ಅದಕ್ಕಿಂತ ಮೇಲಾದುದು ನನಗೆ ತೋರುತ್ತಿಲ್ಲ.

ವಿದ್ಯಾರ್ಥಿಗಳೆಲ್ಲರಿಗೂ ಶುಭವಾಗಲಿ.